ಐಸೋಸೈಯನೇಟ್ ಎತ್ತ ಹೋಯಿತು?

"ಸೂತ್ರ ಅದೇ, ಕಚ್ಚಾವಸ್ತು ಅದೇ, ಆದರೂ ಈ ಬ್ಯಾಚ್ ಮೆತ್ತಗಾಗಿದೆ." ಪಾಲಿಯಾಲ್ ಮತ್ತು ಐಸೋಸೈಯನೇಟ್ ಎಂಬೆರಡು ರಾಸಾಯನಿಕ ಬೆರೆಸಿ ಫೋಮ್, ರಬ್ಬರಿನಂಥ ಎಲಾಸ್ಟೊಮರ್ ಮಾಡುವ ಪಾಲಿಯುರೆಥೇನ್ ಕೆಲಸದಲ್ಲಿ ಇರುವವರೆಲ್ಲ ಕೇಳಿರುವ ದೂರು ಇದು. ನಾನಂತೂ ಸೂತ್ರದ ಹಾಳೆ ನೋಡುವುದು ಕೊನೆಗೆ. ಮೊದಲು ಕೇಳುವುದು ಎರಡೇ ಪ್ರಶ್ನೆ: ಪಾಲಿಯಾಲ್‌ನಲ್ಲಿ ನೀರಿನಂಶ ಎಷ್ಟಿತ್ತು? ಬೆರೆಸುವಾಗ ಬಿಸಿ ಎಷ್ಟಿತ್ತು?

ಪಾಲಿಯಾಲ್‌ನ ಹೈಡ್ರಾಕ್ಸಿಲ್ (OH) ಗುಂಪು ಸಿಕ್ಕರೆ ಐಸೋಸೈಯನೇಟ್ ಯುರೆಥೇನ್ ಬಂಧ ಕಟ್ಟುತ್ತದೆ. ಆದರೆ ಅದು ನೀರಿನೊಡನೆಯೂ ವರ್ತಿಸುತ್ತದೆ. ನೀರು ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಅಮೈನ್ ಉಳಿಯುತ್ತದೆ. ಆ ಅಮೈನ್ ಕೂಡಲೇ ಇನ್ನೊಂದು ಐಸೋಸೈಯನೇಟನ್ನು ಹಿಡಿದು ಯೂರಿಯಾ ಆಗುತ್ತದೆ. ಅಂದರೆ ನೀರಿನ ಒಂದು ಅಣುವಿಗೆ ಎರಡು ಐಸೋಸೈಯನೇಟ್ ಗುಂಪು ಖರ್ಚು. 2000 ಅಣುತೂಕದ, ಎರಡು ಹೈಡ್ರಾಕ್ಸಿಲ್ ತುದಿಯ 100 ಗ್ರಾಂ ಡಯಾಲ್‌ನಲ್ಲಿ ಇರುವುದು 0.1 ಮೋಲ್ ಹೈಡ್ರಾಕ್ಸಿಲ್. ಅದರಲ್ಲಿ ಶೇ. 0.1ರಷ್ಟು ನೀರಿದ್ದರೂ ಸುಮಾರು 0.011 ಮೋಲ್ ಐಸೋಸೈಯನೇಟ್ ಅದರ ಪಾಲಾಗುತ್ತದೆ. ಆ ಡಯಾಲ್‌ಗೆಂದು ತೂಗಿಟ್ಟಿದ್ದರಲ್ಲಿ ಶೇ. 11! ಅಷ್ಟು ಹೈಡ್ರಾಕ್ಸಿಲ್ ತುದಿಗಳು ಜೊತೆಯಿಲ್ಲದೆ ಉಳಿದು ಸರಪಳಿ ಗಿಡ್ಡವಾಗುತ್ತದೆ, ಮೇಲಿಂದ ಗುಳ್ಳೆಗಳ ಕಾಟ ಬೇರೆ. ಎಲಾಸ್ಟೊಮರ್ ಮಾಡುವವರು ಪಾಲಿಯಾಲನ್ನು ನಿರ್ವಾತದಲ್ಲಿ ಕಾಯಿಸಿ ನೀರನ್ನು ಶೇ. 0.05ಕ್ಕಿಂತ ಕೆಳಗಿಳಿಸುವುದು ಇದಕ್ಕೇ. ಒಣಗಿಸಿದ ಮೇಲೆ ಡ್ರಮ್ಮಿನ ಮುಚ್ಚಳ ತೆಗೆದಿಟ್ಟರೆ ಆ ಶ್ರಮವೆಲ್ಲ ದಂಡ.

ಫೋಮ್‌ನಲ್ಲಿ ಇದೇ ನೀರು ಬೇಕೇ ಬೇಕು. ಅಲ್ಲಿ ಅನಿಲ ಹುಟ್ಟುವ ವೇಗಕ್ಕೂ ಜೆಲ್ ಕಟ್ಟುವ, ಅಂದರೆ ದ್ರವ ಗಟ್ಟಿಯಾಗುವ, ವೇಗಕ್ಕೂ ಹೊಂದಿಕೆ ಇರಬೇಕು. ಇದಕ್ಕೆ ವೇಗವರ್ಧಕಗಳು: ಅನಿಲದ ಕಡೆ ನೋಡಿಕೊಳ್ಳಲು ಸಾಮಾನ್ಯವಾಗಿ ತೃತೀಯಕ ಅಮೈನ್, ಜೆಲ್ ಕಡೆಗೆ ತವರದ ಸಂಯುಕ್ತ. ತವರ ಹೆಚ್ಚಾದರೆ ಕೋಶಗಳು ತೆರೆದುಕೊಳ್ಳದೆ, ತಣಿದಾಗ ಫೋಮ್ ಕುಗ್ಗುತ್ತದೆ. ಕಡಿಮೆಯಾದರೆ ಎದ್ದದ್ದು ಬಿರಿಯುತ್ತದೆ, ಇಲ್ಲವೇ ಕುಸಿಯುತ್ತದೆ. ಇನ್ನು ಈ ಕ್ರಿಯೆಗಳು ಹುಟ್ಟಿಸುವ ಬಿಸಿಯಿಂದ ದೊಡ್ಡ ಬ್ಲಾಕ್‌ನ ನಡುಭಾಗ 150 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಫೋಮ್ ಒಳ್ಳೆಯ ಉಷ್ಣನಿರೋಧಕ ತಾನೇ, ತನ್ನ ಬಿಸಿಯನ್ನೇ ಹೊರಬಿಡುವುದಿಲ್ಲ. ಹೊರಗೆ ಬೆಳ್ಳಗಿದ್ದು ಕತ್ತರಿಸಿದಾಗ ಕಂದು ಬಣ್ಣ ಕಂಡರೆ ನೀರಿನ ಪ್ರಮಾಣವನ್ನೂ ಬ್ಲಾಕ್‌ನ ಗಾತ್ರವನ್ನೂ ನೋಡಬೇಕು. ಹೊಸ ಬ್ಲಾಕ್‌ಗಳನ್ನು ಒತ್ತೊತ್ತಾಗಿ ಪೇರಿಸಿಡುವ ಅವಸರ ನೇರವಾಗಿ ಬೆಂಕಿಗೆ ದಾರಿ.

ಬಿಸಿಗೆ ಇನ್ನೊಂದು ಮುಖವಿದೆ. 100–120 ಡಿಗ್ರಿಯ ಆಚೆಗೆ, ಆಗಲೇ ಆದ ಯುರೆಥೇನ್ ಮತ್ತು ಯೂರಿಯಾಗಳ ಮೇಲೂ ಐಸೋಸೈಯನೇಟ್ ಕೈಹಾಕುತ್ತದೆ: ಮೊದಲನೆಯದರಿಂದ ಅಲೋಫನೇಟ್, ಎರಡನೆಯದರಿಂದ ಬೈಯುರೆಟ್. ಎರಡೂ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ಅಡ್ಡಕೊಂಡಿಗಳೇ. ಪ್ರೀಪಾಲಿಮರನ್ನು (ಪಾಲಿಯಾಲ್ ಮತ್ತು ಹೆಚ್ಚುವರಿ ಐಸೋಸೈಯನೇಟಿನಿಂದ ಮೊದಲೇ ಮಾಡಿಟ್ಟ ಅರೆಸಿದ್ಧ ವಸ್ತು) 80 ಡಿಗ್ರಿಯ ಆಸುಪಾಸಿನಲ್ಲೇ ಮಾಡುವ ರೂಢಿ ಇದರಿಂದ ಬಂದದ್ದು. ಬೇಗ ಮುಗಿಸೋಣವೆಂದು ಬಿಸಿ ಏರಿಸಿದರೆ ಸ್ನಿಗ್ಧತೆ ಏರುತ್ತದೆ, ಐಸೋಸೈಯನೇಟ್ ಶೇಕಡಾವಾರು ಲೆಕ್ಕಕ್ಕಿಂತ ಕೆಳಗಿಳಿಯುತ್ತದೆ. ಐಸೋಸೈಯನೇಟನ್ನು ಬೇಕೆಂದೇ ಹೆಚ್ಚು ಹಾಕಿ, ಪೊಟ್ಯಾಸಿಯಂ ಲವಣ ಬೆರೆಸಿದರೆ ಮೂರು ಮೂರು ಸೇರಿ ಐಸೋಸೈಯನುರೇಟ್ ಉಂಗುರಗಳಾಗುತ್ತವೆ. ಅಂಥ ಗಟ್ಟಿ ಫೋಮ್ ಬಿಸಿ ತಾಳುತ್ತದೆ, ಆದರೆ ಪುಡಿಪುಡಿಯಾಗುವ ಗುಣವೂ ಜೊತೆಗೇ ಬರುತ್ತದೆ.

ರಾಸಾಯನಿಕ ಬಂಧಗಳು ಸರಿಯಾಗಿ ಕೂತಿದ್ದರೂ ರಚನೆ ಕೈಕೊಡಬಹುದು. ಎಲಾಸ್ಟೊಮರ್‌ನ ಗಡಸು ತುಣುಕುಗಳು ಹೈಡ್ರೋಜನ್ ಬಂಧಗಳ ಬಲದಿಂದ ಒಟ್ಟುಗೂಡಿ, ಮೃದು ಸರಪಳಿಗಳಿಂದ ಬೇರೆಯಾಗಿ ನಿಂತಾಗಲೇ ಬಲ ಬರುವುದು. ಅದಕ್ಕೆ ಸಮಯ ಬೇಕು, ಬಿಸಿ ಬೇಕು. ಅಚ್ಚಿನಿಂದ ಬೇಗ ತೆಗೆದು ಪೋಸ್ಟ್ ಕ್ಯೂರ್ (ಆಮೇಲೆ ಮತ್ತೆ ಬಿಸಿಯಲ್ಲಿಡುವುದು) ಮಾಡದೆ ಬಿಟ್ಟ ತುಂಡು ಗಡಸುತನದ ಪರೀಕ್ಷೆಯಲ್ಲಿ ಪಾಸಾದೀತು. ಒತ್ತಿಟ್ಟು ಬಿಟ್ಟ ಮೇಲೆ ಮೊದಲಿನ ಎತ್ತರಕ್ಕೆ ಮರಳುವುದಿಲ್ಲ. ಗಡಸುತನ ಅಳೆಯುವ ಶೋರ್ ಗೇಜ್ ಒಂದನ್ನೇ ನಂಬಿ ಮಾಲು ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ 2270 cm⁻¹ ಬಳಿಯ ಐಸೋಸೈಯನೇಟ್ ಶೃಂಗ ಮಾಯವಾದರೆ "ಕ್ಯೂರ್ ಆಯಿತು" ಎಂದು ಬರೆದುಬಿಡುತ್ತಾರೆ. ಅದು ಹೇಳುವುದು ಖರ್ಚಾಯಿತು ಎಂದಷ್ಟೆ. ಯಾವುದಕ್ಕೆ ಖರ್ಚಾಯಿತು ಎಂಬುದಕ್ಕೆ ಕಾರ್ಬೊನಿಲ್ ವಲಯ ನೋಡಬೇಕು: ಬಿಡಿ ಯುರೆಥೇನ್ 1730ರ ಆಸುಪಾಸು, ಹೈಡ್ರೋಜನ್ ಬಂಧಕ್ಕೆ ಸಿಕ್ಕದ್ದು 1700ರ ಕಡೆ, ಒತ್ತಾಗಿ ಸೇರಿದ ಯೂರಿಯಾ 1640ರ ಹತ್ತಿರ. ಒಳ್ಳೆಯ ಬ್ಯಾಚ್‌ನ ಒಂದು ರೇಖಾಚಿತ್ರ ಜೋಪಾನವಾಗಿಟ್ಟುಕೊಂಡಿದ್ದರೆ, ದೂರು ಬಂದ ಬ್ಯಾಚ್‌ನದನ್ನು ಅದರ ಮೇಲಿಟ್ಟು ನೋಡಲು ಹತ್ತು ನಿಮಿಷ ಸಾಕು.