ಸೀಲ್ ತಲೆಯ ಮೇಲಿನ ಯಂತ್ರ: ದತ್ತಾಂಶ ಓದುವ ಮುನ್ನ

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಸೀಲ್ ಎಂದರೆ ನೀರುನಾಯಿ ಅಲ್ಲ. ನೀರುನಾಯಿ ನಮ್ಮ ತುಂಗಭದ್ರೆ, ಕಾವೇರಿಯಲ್ಲಿರುವ ಪ್ರಾಣಿ. ಸೀಲ್‌ಗಳು ಬೇರೆಯದೇ ಗುಂಪು, ಹೆಚ್ಚಾಗಿ ಸಮುದ್ರದಲ್ಲಿ ಬದುಕುವ ಸಸ್ತನಿಗಳು. ಈ ಟಿಪ್ಪಣಿ ದಕ್ಷಿಣ ಎಲಿಫೆಂಟ್ ಸೀಲ್‌ಗೆ ಸಂಬಂಧಿಸಿದ್ದು. ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಕೆರ್ಗೆಲೆನ್ ದ್ವೀಪಗಳಲ್ಲಿ ಇದರ ಮೇಲೆ ದಶಕಗಳಿಂದ ಅಧ್ಯಯನ ನಡೆದಿದೆ.

ಚಳಿಗಾಲದಲ್ಲಿ ಅಂಟಾರ್ಕ್ಟಿಕದ ಸುತ್ತ ಸಮುದ್ರ ಹೆಪ್ಪುಗಟ್ಟಿದಾಗ ಹಡಗು ಹೋಗುವುದು ಬಹಳ ಕಷ್ಟ. ಈ ಸೀಲ್ ಹೋಗುತ್ತದೆ. ಸಾಮಾನ್ಯವಾಗಿ 400ರಿಂದ 800 ಮೀಟರ್ ಆಳಕ್ಕೆ ಮುಳುಗಿ, 20–30 ನಿಮಿಷ ಒಳಗಿದ್ದು, ಎರಡು ಮೂರು ನಿಮಿಷ ಉಸಿರಾಡಿ ಮತ್ತೆ ಮುಳುಗುತ್ತದೆ. ತಿಂಗಳುಗಟ್ಟಲೆ ಇದೇ ದಿನಚರಿ. ಅದರ ತಲೆಗೆ ಅರ್ಧ ಕಿಲೋ ಆಸುಪಾಸಿನ ಯಂತ್ರ ಅಂಟಿಸಿದರೆ ನೀರಿನ ಉಷ್ಣತೆ, ಲವಣಾಂಶ, ಆಳ ಮೂರೂ ಸಿಗುತ್ತವೆ.

ಅಂಟಿಸುವ ಕಾಲ ಮುಖ್ಯ. ಎಲಿಫೆಂಟ್ ಸೀಲ್ ವರ್ಷಕ್ಕೊಮ್ಮೆ ದಡಕ್ಕೆ ಬಂದು, ಹಳೆಯ ಕೂದಲನ್ನು ಮೇಲ್ಚರ್ಮದ ಸಮೇತ ಹಾಳೆ ಹಾಳೆಯಾಗಿ ಉದುರಿಸುತ್ತದೆ. ಹೆಣ್ಣುಗಳಲ್ಲಿ ಇದು ಹೆಚ್ಚಾಗಿ ಜನವರಿ–ಫೆಬ್ರವರಿ. ಉದುರುವ ಮೊದಲೇ ಅಂಟಿಸಿದರೆ ಯಂತ್ರ ದಡದಲ್ಲೇ ಬಿದ್ದಿರುತ್ತದೆ. ಹೊಸ ಕೂದಲು ಬಂದ ಮೇಲೆ ಅಂಟಿಸಿದರೆ ಮುಂದಿನ ವರ್ಷ ತಾನಾಗಿ ಕಳಚುತ್ತದೆ, ಪ್ರಾಣಿಗೆ ಜೀವನಪೂರ್ತಿ ಹೊರೆಯಾಗುವುದಿಲ್ಲ. ತೂಕ ಅಂದಾಜಿಸಿ ಅರಿವಳಿಕೆ ಕೊಟ್ಟು, ಕೂದಲು ಒರೆಸಿ ಒಣಗಿಸಿ, ಅಸಿಟೋನ್‌ನಿಂದ ಜಿಡ್ಡು ತೆಗೆದು ಎಪಾಕ್ಸಿ ಎಂಬ ಗಟ್ಟಿ ಅಂಟು ಹಚ್ಚುತ್ತಾರೆ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ದಪ್ಪಗೆ ಮೆತ್ತಿದರೆ ಚರ್ಮ ಸುಡುತ್ತದೆ. ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಘಟ್ಟ ಇದೇ. ಸೀಲ್ ಉಸಿರಾಡಲು ತಲೆಯೆತ್ತಿದಾಗ ಆಂಟೆನಾ ನೀರಿನಿಂದ ಹೊರಗೆ ಬರುವಂತಿರಬೇಕು, ಇಲ್ಲವಾದರೆ ಉಪಗ್ರಹಕ್ಕೆ ಏನೂ ತಲುಪುವುದಿಲ್ಲ.

ತಲುಪುವುದೂ ತುಂಬ ಕಡಿಮೆ. ಆರ್ಗೋಸ್ ಉಪಗ್ರಹ ವ್ಯವಸ್ಥೆಯ ಒಂದು ಸಂದೇಶದಲ್ಲಿ ಹಿಡಿಸುವುದು ಕೆಲವೇ ಬೈಟ್. ಹಾಗಾಗಿ ಸೀಲ್ ಮೇಲೇರುವಾಗ ಅಳೆದದ್ದನ್ನು ಯಂತ್ರವೇ ಸುಮಾರು 20 ಬಿಂದುಗಳಿಗೆ ಇಳಿಸಿ ಕಳಿಸುತ್ತದೆ. ಸ್ಥಳದ ಲೆಕ್ಕ ಕೆಲವೊಮ್ಮೆ ಹಲವು ಕಿಲೋಮೀಟರ್ ತಪ್ಪುತ್ತದೆ. ಲವಣಾಂಶದ್ದು ಇನ್ನೊಂದು ತಾಪತ್ರಯ: ಅದನ್ನು ನೀರಿನ ವಿದ್ಯುತ್ ವಾಹಕತೆಯಿಂದ ಲೆಕ್ಕ ಹಾಕುತ್ತಾರೆ, ಆದರೆ ಸಂವೇದಕದ ವಿದ್ಯುತ್ ಕ್ಷೇತ್ರಕ್ಕೆ ಸೀಲ್‌ನ ತಲೆಯೇ ಅಡ್ಡ ಬರುತ್ತದೆ. ಪ್ರಯೋಗಾಲಯದಲ್ಲಿ ಸರಿಯಿದ್ದ ಯಂತ್ರ ತಲೆಯ ಮೇಲೆ ಕೂತ ಕೂಡಲೇ ಬೇರೆ ಅಂಕಿ ಕೊಡುತ್ತದೆ. ಗುಣಲಕ್ಷಣ ಹೆಚ್ಚು ಬದಲಾಗದ ಆಳದ ನೀರಿಗೆ ಹೋಲಿಸಿ ಪ್ರತಿ ಯಂತ್ರವನ್ನೂ ಬೇರೆ ಬೇರೆಯಾಗಿ ತಿದ್ದಬೇಕು. ತಿದ್ದದ ಅಂಕಿಯನ್ನು ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬಳಸಲೇಬೇಡಿ.

ಇಷ್ಟು ಪಾಡುಪಟ್ಟದ್ದಕ್ಕೆ ಫಲ ಉಂಟು. ಪೂರ್ವ ಅಂಟಾರ್ಕ್ಟಿಕದ ಕೇಪ್ ಡಾರ್ನ್ಲಿ ಬಳಿ ಸಾಗರತಳಕ್ಕಿಳಿಯುವ ದಟ್ಟ, ತಣ್ಣನೆಯ ನೀರು ಹುಟ್ಟುತ್ತದೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಲ್‌ಗಳ ಅಳತೆಗೂ ಪಾಲಿತ್ತು. ಪಕ್ಕದ ಪ್ರಿಡ್ಜ್ ಕೊಲ್ಲಿಯಲ್ಲಿ ಹಿಮಚಾಚುಗಳು (ನೆಲದಿಂದ ಸಮುದ್ರದ ಮೇಲೆ ಚಾಚಿ ತೇಲುವ ಹಿಮದ ಹಾಸುಗಳು) ಕರಗಿ ಸೇರುವ ಸಿಹಿನೀರು ಆ ದಟ್ಟ ನೀರು ಹುಟ್ಟುವುದನ್ನೇ ತಗ್ಗಿಸುತ್ತಿದೆ ಎಂಬುದೂ 2016ರಲ್ಲಿ ಹೀಗೇ ಗೊತ್ತಾಯಿತು. ನಮ್ಮ ದೇಶದ ಸಂಶೋಧನಾ ನಿಲ್ದಾಣ ಭಾರತಿ ಇರುವುದು ಇದೇ ಕೊಲ್ಲಿಯ ದಡದಲ್ಲಿ.

ಸೀಲ್‌ನ ಹೊಟ್ಟೆ ತುಂಬಿತೇ ಎಂದು ತಿಳಿಯುವ ಬಗೆ ಸೊಗಸಾಗಿದೆ. ಕೆಲವು ಸಲ ಮುಳುಗಿರುವಾಗಲೇ ಅದು ನೀರೊಳಗೆ ಈಜು ನಿಲ್ಲಿಸಿ ಮೈಯನ್ನು ಸುಮ್ಮನೆ ತೇಲಲು ಬಿಡುತ್ತದೆ. ಸೊರಗಿದ ಸೀಲ್ ಬೇಗ ಕೆಳಗಿಳಿಯುತ್ತದೆ. ಕೊಬ್ಬು ನೀರಿಗಿಂತ ಹಗುರ, ಹಾಗಾಗಿ ಮೈಯಲ್ಲಿ ಕೊಬ್ಬು ಹೆಚ್ಚುತ್ತ ಹೋದ ಹಾಗೆ ಇಳಿಯುವ ವೇಗ ತಗ್ಗುತ್ತದೆ, ಚೆನ್ನಾಗಿ ಮೈತುಂಬಿದ್ದರೆ ಮೇಲಕ್ಕೇ ತೇಲಬಹುದು. ಆಳ–ಸಮಯದ ಗೆರೆಯಲ್ಲಿ ಒಂದೇ ಓರೆಯ ಉದ್ದನೆ ಭಾಗ ಕಂಡರೆ ಅದೇ ಈ ತುಣುಕು. ವಾರದಿಂದ ವಾರಕ್ಕೆ ಅದರ ಓರೆ ಹೇಗೆ ಬದಲಾಯಿತೆಂದು ನೋಡಿ, ಯಾವ ನೀರಿನಲ್ಲಿ ಮೇವು ಸಿಕ್ಕಿತೆಂದು ಹೇಳಬಹುದು.

ಆದರೆ ಸೀಲ್ ನಾವು ಹೇಳಿದಲ್ಲಿಗೆ ಹೋಗುವುದಿಲ್ಲ, ಮೇವು ಇದ್ದಲ್ಲಿಗೆ ಹೋಗುತ್ತದೆ. ಅಂಕಿ ಇಲ್ಲದ ಜಾಗದಲ್ಲಿ ಸಮುದ್ರ ಬದಲಾಗಿಲ್ಲ ಎಂದು ಓದಿದರೆ ತಪ್ಪು. ಹೊಸಬರು ಎಡವುವ ಇನ್ನೊಂದು ಕಡೆ ಇದು: 20 ಸೀಲ್‌ಗಳಿಂದ ಸಾವಿರಾರು ಮುಳುಗುಗಳ ದಾಖಲೆ ಬಂದರೂ ನಿಮ್ಮ ಮಾದರಿಯ ಗಾತ್ರ 20 ಮಾತ್ರ, ಏಕೆಂದರೆ ಒಂದೇ ಪ್ರಾಣಿಯ ಮುಳುಗುಗಳು ಒಂದನ್ನೊಂದು ಹೋಲುತ್ತವೆ. ಈ ವೃತ್ತಿಯಲ್ಲಿ ದಡದ ಕೆಲಸ ವರ್ಷದಲ್ಲಿ ಕೆಲವು ವಾರ, ಮಿಕ್ಕದ್ದು ಕಂಪ್ಯೂಟರ್ ಮುಂದೆ. ಜೀವಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಸಾಗರ ಭೌತಶಾಸ್ತ್ರವನ್ನೂ ಈಗಲೇ ಕಲಿಯಿರಿ.

ಸಂಕೇತ ನಿಂತ ದಿನವನ್ನು ಸಾವಿನ ದಿನ ಎಂದು ಬರೆಯಬೇಡಿ. ಬ್ಯಾಟರಿ ಮುಗಿದಿರಬಹುದು, ಆಂಟೆನಾ ಮುರಿದಿರಬಹುದು, ಕೂದಲು ಉದುರಿರಬಹುದು. ಬದುಕಿದೆಯೇ ಎಂಬುದಕ್ಕೆ, ಮುಂದಿನ ಋತುವಿನಲ್ಲಿ ದಡದುದ್ದ ನಡೆದು ಹಿಂಗಾಲಿನ ಈಜುರೆಕ್ಕೆಗೆ ಹಾಕಿದ ಪ್ಲಾಸ್ಟಿಕ್ ಬಿಲ್ಲೆಯ ಸಂಖ್ಯೆಯನ್ನು ಓದಬೇಕು.