ಮುಟ್ಟಬೇಡ ಎಂದವರೇ ಈಗ ನೀನೇ ನೋಡಿಕೋ ಎನ್ನುತ್ತಿದ್ದಾರೆ: ಸೋಲಾರ್ ಇನ್ವರ್ಟರ್ ಮತ್ತು ವೋಲ್ಟೇಜಿನ ಕಥೆ

ಸುಡುಬಿಸಿಲು, ಒಂದು ಚೂರು ಮೋಡವಿಲ್ಲ. ಛಾವಣಿ ಮೇಲಿನ ಪ್ಯಾನೆಲ್‌ಗಳು ದುಡಿಯಬೇಕಾದ ಹೊತ್ತು. ಆಗಲೇ ಗೋಡೆಯ ಮೇಲಿನ ಇನ್ವರ್ಟರ್, ಅಂದರೆ ಪ್ಯಾನೆಲಿನ ಡಿಸಿ ಕರೆಂಟನ್ನು ಎಸಿ ಮಾಡಿ ಲೈನಿಗೆ ಕೊಡುವ ಪೆಟ್ಟಿಗೆ, 'ಟಕ್' ಎಂದು ಕಡಿತಗೊಳ್ಳುತ್ತದೆ. ಡಿಸ್‌ಪ್ಲೇ ನೋಡಿದರೆ, ಲೈನಿನಲ್ಲಿ ವೋಲ್ಟೇಜ್ ಜಾಸ್ತಿ ಎಂಬ ಸಂದೇಶ. ಸ್ವಲ್ಪ ಹೊತ್ತು ಕಾದು ಮತ್ತೆ ಶುರುವಾಗುತ್ತದೆ, ಮತ್ತೆ 'ಟಕ್'. ಅದೇ ಲೈನಿನಲ್ಲಿ ಸಂಜೆಯಾದರೆ ವೋಲ್ಟೇಜ್ ಕಡಿಮೆ ಎಂಬ ದೂರು!

ಎರಡಕ್ಕೂ ಬೇರು ಒಂದೇ. ವಿದ್ಯುತ್ ಲೈನುಗಳನ್ನು ಎಳೆದವರು ಕರೆಂಟು ಟ್ರಾನ್ಸ್‌ಫಾರ್ಮರಿನಿಂದ ಮನೆಯ ಕಡೆಗೆ ಮಾತ್ರ ಹರಿಯುತ್ತದೆ ಎಂದುಕೊಂಡೇ ಎಳೆದರು. ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಹಾಗಾಗಿ ಕೊನೆಯ ಮನೆಗೂ ಸಾಕಾಗಲಿ ಎಂದು ಟ್ರಾನ್ಸ್‌ಫಾರ್ಮರಿನ ಟ್ಯಾಪನ್ನು (ಹೊರಡುವ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಹೊಂದಿಸುವ ಸ್ವಿಚ್ಚು) ಸ್ವಲ್ಪ ಮೇಲಕ್ಕೇ ಇಟ್ಟರು. ಸೋಲಾರ್ ಬಂದ ಮೇಲೆ ಮನೆಯಿಂದಲೂ ಕರೆಂಟು ಹೊರಟಿತು. ಅದು ಹೊರಗೆ ಹರಿಯಬೇಕೆಂದರೆ ಮನೆಯಲ್ಲಿನ ವೋಲ್ಟೇಜ್ ಲೈನಿಗಿಂತ ಒಂದಿಷ್ಟು ಜಾಸ್ತಿ ಇರಲೇಬೇಕು, ಅಲ್ವಾ? ಆದರೆ ಮಿತಿಯೊಳಗೆ ವೋಲ್ಟೇಜ್ ಏರಲು ಇದ್ದ ಜಾಗವನ್ನು ಟ್ಯಾಪ್ ಆಗಲೇ ತಿಂದಿತ್ತು.

ಶುರುವಿನಲ್ಲಿ ಇದು ಯಾರಿಗೂ ತಲೆನೋವಾಗಿರಲಿಲ್ಲ. 2003ರಲ್ಲಿ ಅಮೆರಿಕದಲ್ಲಿ ಬಂದ, ಎಂಜಿನಿಯರುಗಳ ಸಂಸ್ಥೆ ಐಇಇಇಯ 1547 ಎಂಬ ಮಾನದಂಡ, ಇಂಥ ಸಣ್ಣ ಉತ್ಪಾದಕರು ವೋಲ್ಟೇಜನ್ನು ತಾವಾಗಿ ನಿಯಂತ್ರಿಸಲು ಹೋಗಬಾರದು ಎಂದಿತು. ಹದ್ದು ಮೀರಿದರೆ ಸುಮ್ನೆ ಕಳಚಿಕೊಳ್ಳಬೇಕು, ಅಷ್ಟೇ. ಆ ಕಾಲಕ್ಕೆ ಅದು ತಪ್ಪಲ್ಲ. ಲೈನಿನಲ್ಲಿ ಟ್ಯಾಪ್, ಕೆಪಾಸಿಟರ್‌ಗಳು ವೋಲ್ಟೇಜ್ ನೋಡಿಕೊಳ್ಳುತ್ತಿದ್ದವು. ಅದರ ಮೇಲೆ ಮನೆಮನೆಯ ಇನ್ವರ್ಟರೂ ಕೈಹಾಕಿದರೆ ಒಂದೇ ಸ್ಟೀರಿಂಗನ್ನು ಇಬ್ಬರು ತಿರುಗಿಸಿದಂತೆ. ಇನ್ನೊಂದು ಭಯವೂ ಇತ್ತು. ಲೈನ್ ಸತ್ತಿದೆ ಎಂದು ಲೈನ್‌ಮ್ಯಾನ್ ಕಂಬ ಹತ್ತಿದಾಗ, ಇನ್ವರ್ಟರುಗಳು ಅದನ್ನು ಜೀವಂತ ಇಟ್ಟಿದ್ದರೆ ಗತಿ ಏನು?

ಪ್ಯಾನೆಲ್ ಬೀದಿಗೊಂದು ಇದ್ದಾಗಿನ ನಿಯಮ ಮನೆಗೊಂದು ಆದಾಗ ನಡೆಯಲಿಲ್ಲ. ಜರ್ಮನಿ ಬೇಗ ಎಚ್ಚೆತ್ತಿತು. ಅಲ್ಲಿ 2011ರಲ್ಲಿ ಬಂದ ನಿಯಮ, ಮನೆಗಳಿಗೆ ಬರುವ ಲೋ ವೋಲ್ಟೇಜ್ ಲೈನಿಗೆ ಸೇರುವ ಇನ್ವರ್ಟರುಗಳೂ ರಿಯಾಕ್ಟಿವ್ ಪವರ್ (ಏನೆಂದು ಮುಂದೆ ನೋಡೋಣ) ಮೂಲಕ ವೋಲ್ಟೇಜಿಗೆ ಹೆಗಲು ಕೊಡಬೇಕು ಎಂದಿತು. ಅಮೆರಿಕದಲ್ಲಿ 1547ರ ತಿದ್ದುಪಡಿ 2014ರಲ್ಲಿ ಹಳೆಯ ನಿಷೇಧ ಸಡಿಲಿಸಿತು. 2017ರಲ್ಲಿ ಕ್ಯಾಲಿಫೋರ್ನಿಯಾ ಹೊಸ ಇನ್ವರ್ಟರುಗಳಿಗೆ ಈ ಸಾಮರ್ಥ್ಯ ಕಡ್ಡಾಯ ಮಾಡಿತು. ಮರುವರ್ಷ 1547 ಕೂಡ ಅದೇ ದಾರಿ ಹಿಡಿಯಿತು. 15 ವರ್ಷಗಳಲ್ಲಿ 'ಮುಟ್ಟಬೇಡ' ಹೋಗಿ 'ಮುಟ್ಟಲು ಬರಲೇಬೇಕು' ಆಯಿತು.

ಇನ್ವರ್ಟರ್ ಮಾಡುವುದಾದರೂ ಏನು? ಎಸಿಯಲ್ಲಿ ವೋಲ್ಟೇಜ್ ಮತ್ತು ಕರೆಂಟು ಅಲೆಯಂತೆ ಏರಿಳಿಯುತ್ತವೆ. ಎರಡರ ಹೆಜ್ಜೆಯನ್ನು ಬೇಕೆಂದೇ ಸ್ವಲ್ಪ ತಪ್ಪಿಸಿದರೆ ರಿಯಾಕ್ಟಿವ್ ಪವರ್ ಹುಟ್ಟುತ್ತದೆ. ಇನ್ವರ್ಟರ್ ಅದನ್ನು ಲೈನಿನಿಂದ ಹೀರಿದರೆ ವೋಲ್ಟೇಜ್ ತಗ್ಗುತ್ತದೆ, ಲೈನಿಗೆ ಕೊಟ್ಟರೆ ಏರುತ್ತದೆ. ಪುಕ್ಕಟೆ ಅಂತೂ ಅಲ್ಲ. 5 ಕೆವಿಎ (ಇದು ಇನ್ವರ್ಟರ್ ಹೊರಬಲ್ಲ ಒಟ್ಟು ಭಾರ) ಇನ್ವರ್ಟರ್ 5 ಕಿಲೋವ್ಯಾಟ್ ಕೊಡುತ್ತಿರುವಾಗ ರಿಯಾಕ್ಟಿವ್ ಪವರಿಗೆ ಜಾಗವೇ ಇಲ್ಲ. 4 ಕಿಲೋವ್ಯಾಟಿಗೆ ಇಳಿದರೆ 3 ಕೆವಿಎಆರ್ (ರಿಯಾಕ್ಟಿವ್ ಪವರಿನ ಅಳತೆ) ಸಿಗುತ್ತದೆ. ಶಾಲೆಯ 3-4-5 ತ್ರಿಕೋನವೇ ಇದು. ಸಹಾಯ ಜಾಸ್ತಿ ಬೇಕಾಗುವುದು ಬಿಸಿಲೇರಿದಾಗ, ಕೈ ಖಾಲಿಯಿಲ್ಲದೆ ಇರುವುದೂ ಆಗಲೇ! ಸಾಲದ್ದಕ್ಕೆ ಮನೆಗಳ ಸಣ್ಣ ತಂತಿಗಳಲ್ಲಿ ರೆಸಿಸ್ಟೆನ್ಸಿನದೇ ಕಾರುಬಾರು, ರಿಯಾಕ್ಟಿವ್ ಪವರಿನ ಆಟ ಅಲ್ಲಿ ಅಷ್ಟಕ್ಕಷ್ಟೆ. ಆಗ ಉಳಿಯುವ ದಾರಿ ಉತ್ಪಾದನೆಯನ್ನೇ ತಗ್ಗಿಸುವುದು.

ಆಸ್ಟ್ರೇಲಿಯಾದಲ್ಲಿ 2021ರ ಡಿಸೆಂಬರಿನಿಂದ ಹೊಸ ಇನ್ವರ್ಟರುಗಳಿಗೆ ಈ ಎರಡೂ ಕಡ್ಡಾಯ. ಹೆಚ್ಚಿನ ಕಡೆ ಇರುವ ಸೆಟ್ಟಿಂಗ್ ಪ್ರಕಾರ 240 ವೋಲ್ಟ್ ದಾಟಿದರೆ ಇನ್ವರ್ಟರ್ ರಿಯಾಕ್ಟಿವ್ ಪವರ್ ಹೀರತೊಡಗುತ್ತದೆ. 253 ದಾಟಿದರೆ ಉತ್ಪಾದನೆ ಇಳಿಸುತ್ತಾ ಹೋಗಿ, 260ರ ಹೊತ್ತಿಗೆ ಐದನೇ ಒಂದು ಭಾಗಕ್ಕೆ ತರುತ್ತದೆ. ಆದರೆ ಅಲ್ಲಿನ ಹಿನ್ನೆಲೆ ಕೇಳಿ. 2000ನೇ ಇಸವಿಯಲ್ಲಿ ಅಲ್ಲಿನ ಮಾನದಂಡ 240 ವೋಲ್ಟಿನಿಂದ 230ಕ್ಕೆ ಇಳಿಯಿತು. ಕಾಗದದಲ್ಲಿ ಇಳಿಯಿತು, ಕಂಬದ ಮೇಲಿನ ಎಷ್ಟೋ ಟ್ರಾನ್ಸ್‌ಫಾರ್ಮರುಗಳು ಹಳೇ ಲೆಕ್ಕದಲ್ಲೇ ಉಳಿದವು. ಸೂರ್ಯನೇ ಇಲ್ಲದ ರಾತ್ರಿಯಲ್ಲೂ ವೋಲ್ಟೇಜ್ ಮೇಲೇ ಇರುವುದು ಅಳತೆಗಳಲ್ಲಿ ಕಂಡಿತು. ಬೈಗುಳ ಮಾತ್ರ ಸೋಲಾರಿಗೆ.

ನನಗೆ ಸರಿಕಾಣದ ಸಂಗತಿ ಬೇರೆ. ಟ್ರಾನ್ಸ್‌ಫಾರ್ಮರಿನ ಪಕ್ಕದ ಮನೆಯ ಇನ್ವರ್ಟರ್ ದಿನವಿಡೀ ಆರಾಮಾಗಿ ದುಡಿಯುತ್ತದೆ. ವೋಲ್ಟೇಜ್ ಜಾಸ್ತಿ ಏರುವುದು ಲೈನಿನ ಕೊನೆಯಲ್ಲಿ, ಕಡಿತವೂ ಅಲ್ಲಿಯೇ. ಪ್ಯಾನೆಲ್ ಅಷ್ಟೇ, ಬಿಸಿಲು ಅಷ್ಟೇ, ಗಳಿಕೆ ಮಾತ್ರ ಕಡಿಮೆ. ಎಷ್ಟು ಯೂನಿಟ್ ಹೀಗೆ ಹೋಯಿತು ಎಂದು ಸಾಮಾನ್ಯ ಮೀಟರ್ ಹೇಳುವುದಿಲ್ಲ. ಉತ್ಪಾದನೆಯೇ ಆಗದ್ದನ್ನು ಅದು ಹೇಗೆ ಅಳೆಯಬೇಕು?

ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಒಂದು ಮೆಟ್ಟಿಲು ಇಳಿಸಿದರೆ ಸಾಮಾನ್ಯವಾಗಿ 2.5%, ಅಂದರೆ ಹತ್ತಿರಹತ್ತಿರ 6 ವೋಲ್ಟ್ ಇಳಿಯುತ್ತದೆ. ಆದರೆ ಅದಕ್ಕೆ ಕರೆಂಟು ತೆಗೆದು, ಒಬ್ಬರು ಹೋಗಿ ಕೈಯಲ್ಲೇ ತಿರುಗಿಸಬೇಕು. ಇಳಿಸಿದ ಮೇಲೆ ಸಂಜೆ ಕೊನೆಯ ಮನೆಯಿಂದ ಲೋ ವೋಲ್ಟೇಜ್ ದೂರು ಬಂದರೆ ಮತ್ತೆ ಹತ್ತಬೇಕು. ಇನ್ವರ್ಟರಿಗಾದರೆ ಸೆಟ್ಟಿಂಗ್ ಬದಲಾಯಿಸಿದರೆ ಮುಗಿಯಿತು, ಖರ್ಚು ಮನೆಯವರದು.