ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಸಾಕಾ? ಟೋಯಿಂಗ್ ತೂಕದ ಲೆಕ್ಕ

ಆಸ್ಟ್ರೇಲಿಯಾದಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವ ನಮ್ಮ ಕನ್ನಡದವರಿಗೆ ಈ ಟಿಪ್ಪಣಿ. ಸಸ್ಪೆನ್ಷನ್ ಪಾಠದಲ್ಲಿ ನನಗೆ ಅತಿ ಹೆಚ್ಚು ತಲೆಕೆಟ್ಟಿದ್ದು ಇದೇ ಜಾಗದಲ್ಲಿ, ಅದಕ್ಕೇ ಬರೆದಿಡುತ್ತಿದ್ದೇನೆ.

ಫೋರ್ ವೀಲ್ ಡ್ರೈವ್ ಗಾಡಿಗೆ ಕ್ಯಾರವಾನ್ (ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರ್) ಸಿಕ್ಕಿಸಿದರೆ ಹಿಂಭಾಗ ಕುಸಿಯುತ್ತದೆ, ಮೂಗು ಮೇಲಾಗುತ್ತದೆ. ಗಿರಾಕಿ ಬಂದು ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿಬಿಡಿ ಅನ್ನುತ್ತಾರೆ. ನಾವೂ ಊರಲ್ಲಿ ಲಾರಿಯ ಸ್ಪ್ರಿಂಗ್‌ಗೆ ಒಂದು ಪಟ್ಟಿ ಜಾಸ್ತಿ ಹಾಕಿಸಿ ಲೋಡ್ ಏರಿಸುವುದನ್ನು ನೋಡಿಕೊಂಡೇ ಬೆಳೆದವರು, ಹಾಗಾಗಿ ಸರಿ ಅನ್ನಿಸಿಬಿಡುತ್ತದೆ. ಆದರೆ ಸ್ಪ್ರಿಂಗ್ ಹಾಕಿದರೆ ಹಿಂಭಾಗ ಮೇಲೇಳುತ್ತದೆ, ಅಷ್ಟೆ. ಗಾಡಿ ಎಷ್ಟು ತೂಕ ಹೊರಬಹುದು ಎಂದು ತಯಾರಕರ ಪ್ಲೇಟಿನಲ್ಲಿ ಬರೆದಿರುವ ಅಂಕಿ ಇದ್ದಲ್ಲೇ ಇರುತ್ತದೆ. ಪೊಲೀಸರು ತೂಗುವುದು ಆ ಅಂಕಿಗೆ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಕೆದಕುವುದೂ ಅದನ್ನೇ.

ಮೊದಲು ಮೂರು ಹೆಸರು. ಜಿವಿಎಂ ಅಂದರೆ ಗಾಡಿ, ಜನ, ಸಾಮಾನು ಎಲ್ಲ ಸೇರಿ ಗಾಡಿಯ ಗರಿಷ್ಠ ತೂಕ. ಎಟಿಎಂ ಅಂದರೆ ತುಂಬಿದ ಟ್ರೇಲರನ್ನು ಬಿಚ್ಚಿ ನಿಲ್ಲಿಸಿದಾಗ ಅದಕ್ಕಿರುವ ಗರಿಷ್ಠ ತೂಕ (ದುಡ್ಡಿನ ಯಂತ್ರ ಅಲ್ಲ, ಮೊದಲ ವಾರ ಇಡೀ ಕ್ಲಾಸು ಇದಕ್ಕೆ ನಕ್ಕಿತ್ತು). ಜಿಸಿಎಂ ಅಂದರೆ ಎರಡೂ ಸೇರಿ ರಸ್ತೆ ಮೇಲೆ ಎಷ್ಟು ಇರಬಹುದು ಎನ್ನುವುದು.

ಇಲ್ಲಿ ಎಲ್ಲರೂ ಮರೆಯುವುದು ಟೋ ಬಾಲ್ (ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡು) ಮೇಲಿನ ಭಾರ. ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ತೂಕದ ಸುಮಾರು 10% ಬಾಲ್ ಮೇಲೆ ಕೂರಬೇಕು ಎಂಬ ರೂಢಿ ಇದೆ. 3,500 ಕೆಜಿ ಕ್ಯಾರವಾನ್ ಅಂದರೆ 350 ಕೆಜಿ. ಇದು ಗಾಡಿ ಹೊತ್ತ ಭಾರ, ಹಾಗಾಗಿ ಜಿವಿಎಂ ಲೆಕ್ಕಕ್ಕೇ ಬರುತ್ತದೆ.

ಟೊಯೋಟಾ ಲ್ಯಾಂಡ್ ಕ್ರೂಸರ್ 300 ತೆಗೆದುಕೊಳ್ಳೋಣ. ಜಿವಿಎಂ 3,280, ಜಿಸಿಎಂ 6,750 ಕೆಜಿ. ಮೇಲಿನ ಮಾದರಿಗಳಲ್ಲಿ ಖಾಲಿ ಗಾಡಿಯೇ ಸುಮಾರು 2,600 ಕೆಜಿ. ಉಳಿದದ್ದು 680. ಅದರಲ್ಲಿ ಬಾಲ್ ಭಾರ 350 ತೆಗೆದರೆ 330. ಗಂಡ ಹೆಂಡತಿ ಇಬ್ಬರು ಮಕ್ಕಳು ಅಂತ 250 ಇಡಿ. ಇನ್ನು 80 ಕೆಜಿಯಲ್ಲಿ ಬುಲ್ ಬಾರ್, ಫ್ರಿಡ್ಜ್, ಎರಡನೇ ಬ್ಯಾಟರಿ, ಡ್ರಾಯರ್ ಎಲ್ಲ ಆಗಬೇಕು. ಆಗಲ್ಲ ಅಲ್ವಾ? 3,500 ಕೆಜಿ ಎಳೆಯುತ್ತದೆ ಎಂಬ ಜಾಹೀರಾತು ಸುಳ್ಳಲ್ಲ, ಆದರೆ ಒಳಗೆ ಹೆಚ್ಚುಕಡಿಮೆ ಖಾಲಿ ಕೂತು ಎಳೆಯಬೇಕು ಅನ್ನುವುದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ.

ಹಿಂದಿನ ಆಕ್ಸಲ್ ಕಥೆ ಇನ್ನೂ ಕೆಟ್ಟದ್ದು. ಎತ್ತಿನ ಗಾಡಿಯಲ್ಲಿ ಹಿಂದೆ ಮೂಟೆ ಜಾಸ್ತಿ ಹೇರಿದರೆ ನೊಗ ಎತ್ತಿನ ಹೆಗಲಿಂದ ಮೇಲೇಳುವುದನ್ನು ನೋಡಿದ್ದೀರಾ? ಇಲ್ಲೂ ಅದೇ. ಬಾಲ್ ಇರುವುದು ಹಿಂದಿನ ಆಕ್ಸಲ್‌ನಿಂದ ಆಚೆಗೆ. ಈ ಗಾಡಿಯ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ದೂರ, 2.85 ಮೀಟರ್. ಬಾಲ್ 1.2 ಮೀಟರ್ ಹಿಂದೆ ಇದೆ ಅಂತ ಇಟ್ಟುಕೊಳ್ಳಿ. 350ನ್ನು 4.05ರಿಂದ (2.85 + 1.2) ಗುಣಿಸಿ 2.85ರಿಂದ ಭಾಗಿಸಿ. ಹಿಂದಿನ ಆಕ್ಸಲ್ ಮೇಲೆ ಸುಮಾರು 497 ಕೆಜಿ ಬೀಳುತ್ತದೆ, ಮುಂದಿನದರಿಂದ 147 ಕೆಜಿ ಕಳೆದುಹೋಗುತ್ತದೆ. ಬಾಲ್ ಮೇಲೆ ಕೂತದ್ದು 350, ಹಿಂದಿನ ಆಕ್ಸಲ್ ಹೊತ್ತದ್ದು ಹತ್ತಿರ ಹತ್ತಿರ 500! ಸ್ಟೀರಿಂಗೂ ಬ್ರೇಕೂ ಹೆಚ್ಚು ಕೆಲಸ ಮಾಡುವ ಮುಂದಿನ ಚಕ್ರಗಳೇ ಹಗುರ ಆದವು. ಪ್ರತಿ ಆಕ್ಸಲ್‌ಗೂ ಬೇರೆ ಮಿತಿ ಇರುವುದರಿಂದ, ಒಟ್ಟು ತೂಕ ಜಿವಿಎಂ ಒಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ದಾಟಿರಬಹುದು. ಪರೀಕ್ಷೆಗೆ ಓದುವವರು ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ.

ಗಟ್ಟಿ ಸ್ಪ್ರಿಂಗ್ ಈ 147 ಕೆಜಿಯನ್ನು ಮುಂದಕ್ಕೆ ತರುವುದಿಲ್ಲ. ಗಾಡಿ ಸಮ ನಿಂತಂತೆ ಕಾಣುತ್ತದೆ, ಹೆಡ್‌ಲೈಟ್ ಆಕಾಶ ನೋಡುವುದು ತಪ್ಪುತ್ತದೆ, ಆದರೆ ಭಾರ ಎಲ್ಲಿತ್ತೋ ಅಲ್ಲೇ. ಮುಂದಕ್ಕೆ ತರುವುದು ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಭಾರವನ್ನು ಆಕ್ಸಲ್‌ಗಳಿಗೆ ಹಂಚುವ ಕೊಂಡಿ), ಅದೂ ಸ್ವಲ್ಪ ಮಾತ್ರ. ಅದನ್ನು ಹಾಕಿದರೂ ಯಾವ ಮಿತಿಯೂ ಏರುವುದಿಲ್ಲ, ಕೆಲವು ತಯಾರಕರು ಬೇಡ ಅಂತಲೂ ಹೇಳುತ್ತಾರೆ. ಮ್ಯಾನುಯಲ್ ನೋಡಿ.

ಏರ್‌ಬ್ಯಾಗ್ (ಅಪಘಾತದಲ್ಲಿ ಉಬ್ಬುವುದಲ್ಲ, ಹಿಂಭಾಗ ಎತ್ತಲು ಸ್ಪ್ರಿಂಗ್ ಜೊತೆ ಕೂರಿಸುವ ಗಾಳಿ ಚೀಲ) ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ನಾನು ಕೆಲಸ ಕಲಿಯುವ ಗ್ಯಾರೇಜಿಗೆ ಒಂದು ಡಬಲ್ ಕ್ಯಾಬ್ ಯೂಟ್ (ಪಿಕಪ್ ಗಾಡಿ) ಬಂದಿತ್ತು, ಕ್ಯಾಬಿನ್ ಮತ್ತು ಹಿಂದಿನ ಸಾಮಾನಿನ ಟಬ್ ನಡುವಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು! ಛಾಸಿ ಬಾಗಿತ್ತು. ಲೀಫ್ ಸ್ಪ್ರಿಂಗ್ ಭಾರವನ್ನು ತನ್ನ ಎರಡು ತುದಿಗಳಲ್ಲಿ ಛಾಸಿಗೆ ಹಂಚುತ್ತದೆ. ಮಧ್ಯದಲ್ಲಿ ಏರ್‌ಬ್ಯಾಗ್ ಕೂರಿಸಿ ಗಾಳಿ ತುಂಬಿದರೆ, ಛಾಸಿಯ ಒಂದೇ ಜಾಗಕ್ಕೆ ಕೆಳಗಿಂದ ಗುದ್ದು ಬೀಳುತ್ತದೆ. ಹಿಂದೆ ಕ್ಯಾರವಾನ್ ಕೆಳಗೆ ಒತ್ತುತ್ತಿರುತ್ತದೆ. ಮಣ್ಣು ರಸ್ತೆಯಲ್ಲಿ ಸಾವಿರ ಸಲ ಕುಣಿದ ಮೇಲೆ ಬಾಗದೆ ಇನ್ನೇನು? ಕಾಯಿಲ್ ಸ್ಪ್ರಿಂಗ್ ಒಳಗೆ ಕೂರುವ ಬ್ಯಾಗ್‌ಗೆ ಈ ತೊಂದರೆ ಇಷ್ಟಿಲ್ಲ, ಏಕೆಂದರೆ ಅದು ಸ್ಪ್ರಿಂಗ್ ಕೂರುವ ಜಾಗದಲ್ಲೇ ಒತ್ತುತ್ತದೆ. ಎರಡರಿಂದಲೂ ಜಿವಿಎಂ ಒಂದು ಕೆಜಿಯೂ ಏರಲ್ಲ.

ಹಾಗಾದರೆ ಕಾನೂನಿನ ದಾರಿ? ಜಿವಿಎಂ ಅಪ್‌ಗ್ರೇಡ್. ಪರೀಕ್ಷೆ ಆಗಿರುವ ಕಿಟ್ ಇರುತ್ತದೆ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಗಾಡಿ ನೋಡಿಕೊಂಡು ಬೇರೆ ಭಾಗಗಳು. ಹೊಸ ಗಾಡಿ ಮೊದಲ ಸಲ ರಿಜಿಸ್ಟರ್ ಆಗುವ ಮುಂಚೆ ಮಾಡಿಸಿದರೆ ಅದು ಕೇಂದ್ರ ಸರ್ಕಾರದ ಅನುಮತಿಯಲ್ಲಿ, ಎರಡನೇ ಹಂತದ ತಯಾರಿಕೆ ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಗಾಡಿಗೆ ಹೊಸ ಪ್ಲೇಟ್ ಬರುತ್ತದೆ, ದೇಶವಿಡೀ ನಡೆಯುತ್ತದೆ. ರಿಜಿಸ್ಟರ್ ಆದ ಮೇಲಾದರೆ ರಾಜ್ಯದ ವ್ಯವಸ್ಥೆ. ವಿಕ್ಟೋರಿಯಾದಲ್ಲಿ ವಾಸ್ ಎಂಜಿನಿಯರ್ (ಗಾಡಿಯ ಬದಲಾವಣೆ ಪರಿಶೀಲಿಸಿ ಸಹಿ ಹಾಕುವವರು), ನ್ಯೂ ಸೌತ್ ವೇಲ್ಸ್‌ನಲ್ಲಿ ಅದೇ ಥರದ ವಿಎಸ್‌ಸಿಸಿಎಸ್ ಪ್ರಮಾಣಪತ್ರ, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅನುಮತಿ ಪಡೆದ ವ್ಯಕ್ತಿ ಹಾಕಿಕೊಡುವ ಮಾಡಿಫಿಕೇಷನ್ ಪ್ಲೇಟ್. ಅದೇ ಸ್ಪ್ರಿಂಗನ್ನು ಅದೇ ಬೋಲ್ಟಲ್ಲಿ ಕೂರಿಸಿದರೂ ಈ ಕಾಗದ ಇಲ್ಲದಿದ್ದರೆ ಅದು ಸುಮ್ನೆ ಸ್ಪ್ರಿಂಗ್.

ಈಗ ಮುಖ್ಯ ಬಲೆ. ಜಿವಿಎಂ ಏರಿದರೆ ಜಿಸಿಎಂ ತಾನಾಗಿ ಏರುವುದಿಲ್ಲ, ಟೋಯಿಂಗ್ ಮಿತಿಯೂ ಏರುವುದಿಲ್ಲ. ಮೂಲ ಲೆಕ್ಕದಲ್ಲಿ ಗಾಡಿ 3,280, ಬಾಲ್ ಭಾರ ಕಳೆದು ಕ್ಯಾರವಾನ್ ಚಕ್ರಗಳ ಮೇಲೆ 3,150, ಒಟ್ಟು 6,430. ಸರಿ. ಜಿವಿಎಂ 3,800ಕ್ಕೆ ಏರಿಸಿ ಅಷ್ಟನ್ನೂ ತುಂಬಿದಿರಿ ಅನ್ನಿ. 6,950 ಆಯಿತು, ಜಿಸಿಎಂಗಿಂತ 200 ಕೆಜಿ ಜಾಸ್ತಿ. ಈಗ ಕ್ಯಾರವಾನ್ ಸುಮಾರು 3,280 ಕೆಜಿಗೆ ಇಳಿಯಬೇಕು. ಸಾವಿರಾರು ಡಾಲರ್ ಕೊಟ್ಟು ಎಳೆಯುವ ತೂಕ ಕಡಿಮೆ ಮಾಡಿಕೊಂಡ ಹಾಗೆ. ಕೆಲವು ಗಾಡಿಗಳಿಗೆ ಜಿಸಿಎಂ ಕೂಡ ಏರಿಸಿದ ಕಿಟ್ ಸಿಗುತ್ತದೆ, ಎಲ್ಲದಕ್ಕೂ ಅಲ್ಲ. ದುಡ್ಡು ಕೊಡುವ ಮುಂಚೆ ಗಿರಾಕಿಗೆ ಇದನ್ನು ಹೇಳದಿದ್ದರೆ ತಪ್ಪು ನಮ್ಮದೇ.

ಚಿಕ್ಕ ವಿಷಯಗಳು ಒಂದೆರಡು. ಟೈರ್ ಲೋಡ್ ಇಂಡೆಕ್ಸ್ 115 ಅಂದರೆ ಒಂದಕ್ಕೆ 1,215 ಕೆಜಿ, ಹಿಂದಿನ ಎರಡಕ್ಕೆ 2,430. ಹೊಸ ಆಕ್ಸಲ್ ಮಿತಿಗೆ ಸಾಲುತ್ತದಾ ನೋಡಿ. ಹಿಂದಿನ ಎತ್ತರ ನೋಡಿ ಬ್ರೇಕ್ ಒತ್ತಡ ಬದಲಿಸುವ ವಾಲ್ವ್ ಇರುವ ಗಾಡಿಯಾದರೆ, ಗಟ್ಟಿ ಸ್ಪ್ರಿಂಗ್ ಮೇಲೆ ಅದು ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ, ಹೊಂದಿಸಲೇಬೇಕು. ಸಾಮಾನ್ಯ ಕಾರ್ ಲೈಸೆನ್ಸ್ 4,500 ಕೆಜಿ ಜಿವಿಎಂವರೆಗೆ ಸಾಕು.

ಏನನ್ನೂ ಬಿಚ್ಚುವ ಮುಂಚೆ ಗಾಡಿಯನ್ನು ವೇಬ್ರಿಡ್ಜ್‌ಗೆ (ಲಾರಿ ತೂಗುವ ಜಾಗಕ್ಕೆ) ಒಯ್ಯಿರಿ. ಟ್ಯಾಂಕ್ ತುಂಬಿಸಿ, ಮನೆಯವರನ್ನೂ ಕೂರಿಸಿ. ಕ್ಯಾರವಾನ್ ಸಿಕ್ಕಿಸಿಕೊಂಡೇ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಕ್ಯಾರವಾನ್ ಚಕ್ರ ಬೇರೆ ಬೇರೆ ತೂಗಿಸಿ. ಆಮೇಲೆ ಕ್ಯಾರವಾನ್ ಬಿಚ್ಚಿ ಗಾಡಿಯನ್ನಷ್ಟೇ ಇನ್ನೊಮ್ಮೆ ತೂಗಿಸಿ. ಎರಡು ಸಲದ ಗಾಡಿ ತೂಕದ ವ್ಯತ್ಯಾಸವೇ ಬಾಲ್ ಮೇಲಿನ ನಿಜವಾದ ಭಾರ. ಎಷ್ಟೋ ಸಲ ಅರ್ಧ ತುಂಬಿದ ನೀರಿನ ಟ್ಯಾಂಕನ್ನು ಖಾಲಿ ಮಾಡಿ, ಜೆರ್ರಿ ಕ್ಯಾನ್ ಇಳಿಸಿದರೆ ಅಪ್‌ಗ್ರೇಡೇ ಬೇಡವಾಗುತ್ತದೆ.